ಚಾಪೆಯ ಮೇಲೆ ಮಾರಪ್ಪನ್

ಕೊಯಮತ್ತೂರು ಹತ್ತಿರದ ಅನ್ನೂರಿನಲ್ಲಿ, ಕನ್ನಡ ಆಡುವ ನೇಕಾರರ ಬೀದಿಯಲ್ಲಿ ಎಳೆಗೂಸನ್ನು ಹಗಲಿನ ಬೆಳಕಿನಲ್ಲಿ ನೆಟ್ಟಗೆ ಕೂತು ನೋಡಿದ ಮೊದಲ ಗಂಡಸು ನಮ್ಮ ರಂಗಸಾಮಿ. ಅದೇ ಅವನಿಗೆ ಮುಳುವಾಯಿತು. ಅಲ್ಲಿಯ ಗಂಡಸರು ಮಕ್ಕಳಿಗೆ ಹೆಸರಿಡುತ್ತಿದ್ದರು. ಆಮೇಲೆ ಮಕ್ಕಳು ಬೆಳೆದು ಮಗ್ಗದ ಹತ್ತಿರ ಸುಳಿದಾಗ ತಲೆಗೊಂದು ಮೊಟಕುತ್ತಿದ್ದರು. ಈ ಹೆಸರಿಗೂ ಆ ಮೊಟಕಿಗೂ ನಡುವೆ ಕೂಸು ಯಾವಾಗ ನಗುತ್ತದೆ, ಯಾವಾಗ ಕತ್ತೆತ್ತುತ್ತದೆ ಎಂಬುದೆಲ್ಲ ಹೆಂಗಸರ ಪಾಲಿನ ಸಂಗತಿ. ಅದನ್ನು ಕೇಳಿ ತಿಳಿದುಕೊಳ್ಳುವುದು ಗಂಡಸಿಗೆ ಮರ್ಯಾದೆ ಅಲ್ಲ ಎಂದು ಬೀದಿಯೇ ನಂಬಿತ್ತು.

ರಂಗಸಾಮಿ ನೋಡಬೇಕಾಗಿ ಬಂದದ್ದು ಹೀಗೆ. ಅವನ ಹೆಂಡತಿ ರಾಮಾಯಿ ಅವನ ಅಕ್ಕನ ಮಗಳೇ. ತೊಂಡಾಮುತ್ತೂರಿನ ತವರಲ್ಲಿ ಹೆತ್ತು, ಕೂಸಿಗೆ ಮೂರನೆಯ ತಿಂಗಳು ನಡೆಯುವಾಗ ವಾಪಸು ಬಂದಳು. ಬಂದವಳು ಜಗಲಿಯಲ್ಲಿ ರಾಟೆ ಮುಂದೆ ಕೂತು ನೂಲು ಸುತ್ತಬೇಕು, ಜಗಲಿಯಲ್ಲಿ ಗಾಳಿ. ಹಾಗಾಗಿ ಕೂಸಿಗೆ ಒಳಗೆ, ಮಗ್ಗದ ಪಕ್ಕದಲ್ಲಿ ಚಾಪೆ ಬಿತ್ತು. ಕುಣಿಮಗ್ಗ ಅಂದರೆ ಗೊತ್ತಲ್ಲ, ನೇಯುವವನು ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು ನೆಲಕ್ಕೇ ಕೂತಿರುತ್ತಾನೆ. ಅಪ್ಪನ ಮುಖ, ಮಗನ ಮುಖ, ನಡುವೆ ಎರಡು ಮೊಳ ನೆಲ. ನೋಡದೆ ಬೇರೆ ದಾರಿಯಿರಲಿಲ್ಲ.

ಕೂಸಿನ ಹೆಸರು ನಾಗರಾಜ. ಈ ಹೆಸರಲ್ಲೇ ಎಡವಟ್ಟು ಶುರುವಾದದ್ದು. ಹಿರಿಯ ಮೊಮ್ಮಗನಿಗೆ ತಾತನ ಹೆಸರು ಇಡುವುದು ಬೀದಿಯ ಕಟ್ಟಳೆ, ಮತ್ತು ತಾತ ಮಾರಪ್ಪನ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆದರೆ ರಂಗಸಾಮಿ ಒಮ್ಮೆ ಕೊಯಮತ್ತೂರಿನ ವಕೀಲ ವ್ಯಾಸರಾಯರ ಮನೆಗೆ ಸೀರೆ ಕೊಡಲು ಹೋಗಿದ್ದ. ಆ ಮನೆಯಮ್ಮ "ನಾಗರಾಜಾ" ಅಂತ ಕರೆದಾಗ ಒಳಗಿಂದ ಬೂಟು ಹಾಕಿಕೊಂಡ ಮಗ ಬಂದ. ಆ ಬೂಟಿನ ಸದ್ದು ರಂಗಸಾಮಿಯ ಕಿವಿಯಲ್ಲಿ ಉಳಿದುಬಿಟ್ಟಿತು.

"ಮಾರಪ್ಪನ್ ಅಂತ ಯಾರು ಇಡ್ತಾರೆ ಯಜಮಾನ್ರೇ ಈ ಕಾಲದಲ್ಲಿ? ಪೆರಿಯನಾಯಕನಪಾಳ್ಯದಲ್ಲಿ ಗಿರಣಿಗಳು ಎದ್ದಿವೆ" ಎಂದಿದ್ದ ಬೀದಿಯ ಯಜಮಾನ ವೆಂಕಟಾಚಲಂಗೆ. ಗಿರಣಿಗೂ ಹೆಸರಿಗೂ ಏನು ಸಂಬಂಧವೋ ಅವನಿಗೇ ಗೊತ್ತು. ಯಜಮಾನರು ಮೀಸೆ ನೀವಿಕೊಂಡು, "ಸತ್ತವನು ಕೇಳಿಸಿಕೊಂಡಿರ್ತಾನೆ, ನೋಡ್ಕೋ" ಎಂದಷ್ಟೇ ಹೇಳಿ ಎದ್ದು ಹೋಗಿದ್ದರು.

ಸತ್ತವನ ಬಗ್ಗೆ ಎರಡು ಮಾತು ಹೇಳಲೇಬೇಕು. ಮಾರಪ್ಪನ್ ಅಂದರೆ ಕತ್ತಲಲ್ಲಿ ಬರೀ ಬೆರಳಲ್ಲೇ ಬಟ್ಟೆ ಮುಟ್ಟಿ ಎಳೆ ತಪ್ಪಿದ ಜಾಗ ಹಿಡಿಯುತ್ತಿದ್ದ ಮುದುಕ. ನಗು ಅವನ ಮುಖಕ್ಕೆ ಒಗ್ಗುತ್ತಿರಲಿಲ್ಲ. ಮಗ ನೇಯುವಾಗ ಹಿಂದಿನ ಗೋಡೆಯ ಗೂಟದ ಕೆಳಗೆ ಕೂತು, ಎಲೆ ಅಡಿಕೆ ಜಗಿಯುತ್ತ, ಅಡ್ಡನೂಲು ಹೊತ್ತ ಲಾಳಿ ಹೋದ ಕಡೆ ಕಣ್ಣು ಆಡಿಸುತ್ತ ಸುಮ್ಮನೆ ನೋಡುತ್ತಿದ್ದ. ಆ ಸುಮ್ಮನೆಗೆ ರಂಗಸಾಮಿಯ ಬೆನ್ನು ಬೆವರುತ್ತಿತ್ತು. ಮುದುಕ ಸತ್ತಾಗ ಅತ್ತಿದ್ದ, ನಿಜ. ಆದರೆ ಅವತ್ತಿನಿಂದ ಬೆನ್ನು ಒಣಗಿತ್ತು ಅನ್ನುವುದೂ ನಿಜ.

ಈಗ ಚಾಪೆಯ ಮೇಲಿನ ಕೂಸು ಒಂದು ಬೆಳಿಗ್ಗೆ ಅಪ್ಪನ ಮುಖ ಬಿಟ್ಟು ಅವನ ಭುಜದಾಚೆ ನೋಡಿತು. ಹಿಂದಿನ ಗೂಟದ ಕೆಳಗೆ. ನೋಡುತ್ತ ನೋಡುತ್ತ ಹಲ್ಲಿಲ್ಲದ ಬಾಯಿ ಅಗಲವಾಯಿತು, ಕೂಸು ನಕ್ಕಿತು. ರಂಗಸಾಮಿ ತಿರುಗಿ ನೋಡಿದ. ಗೋಡೆ ಇತ್ತು. ಮತ್ತೆ ಮಗ್ಗಕ್ಕೆ ತಿರುಗಿದ. ಲಾಳಿ ಎಡಕ್ಕೆ ಹೋದರೆ ಕೂಸಿನ ಕಣ್ಣು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಬೆನ್ನ ಮೇಲೆ ಒಂದು ಹನಿ ಬೆವರು ಇಳಿಯಿತು.

ರಾಮಾಯಿಗೆ ಹೇಳಿದ. ಅವಳು ನೂಲಿಂದ ಕಣ್ಣೆತ್ತದೆ, "ಈ ತಿಂಗಳಲ್ಲಿ ಎಲ್ಲ ಮಕ್ಕಳೂ ನಗ್ತಾವೆ ಮಾವ. ಕಣ್ಣೂ ಓಡಿಸ್ತಾವೆ ಅಂತ ಅಮ್ಮ ಹೇಳಿದಾಳೆ" ಎಂದಳು.

"ಎಲ್ಲ ಮಕ್ಕಳ ತಾತನೂ ಮಾರಪ್ಪನಾ?" ಎಂದ ರಂಗಸಾಮಿ. ರಾಮಾಯಿ ಮತ್ತೆ ರಾಟೆ ತಿರುಗಿಸತೊಡಗಿದಳು. ಹೆಂಗಸರಿಂದ ತಿಳಿಯಬೇಕಾದದ್ದೆಲ್ಲ ತಿಳಿದಾಯಿತು ಎಂದುಕೊಂಡು ಅವನು ಪಕ್ಕದ ಮನೆಯ ಪಳನಿಸಾಮಿಯನ್ನು ಕರೆತಂದ.

ಪಳನಿಸಾಮಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಕೂಸುಗಳ ವಿಷಯದಲ್ಲಿ ಅವನ ಅಭಿಪ್ರಾಯಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವನು ಬಂದು ಕುಕ್ಕುರುಗಾಲಲ್ಲಿ ಕೂತ. ಕೂಸು ಮೆಲ್ಲಗೆ ತನ್ನ ಬಲಗೈ ಮೇಲೆತ್ತಿತು. ಕಣ್ಣಿನ ಹತ್ತಿರ ತಂದಿತು. ಮುಷ್ಟಿ ಬಿಚ್ಚಿತು. ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಪರೀಕ್ಷೆ ಮಾಡಿತು. ಆಮೇಲೆ ತುಟಿ ಒಟ್ಟುಮಾಡಿ ಜೊಲ್ಲನ್ನು ಪುರ್ ಎಂದು ಊದಿತು.

ಪಳನಿಸಾಮಿಯ ಮುಖ ಬಿಳಿಚಿತು. "ರಂಗಣ್ಣಾ, ನೂಲು ಕೊಯ್ದಿದೆಯಾ ಅಂತ ಬೆರಳು ನೋಡ್ಕೊಳ್ತಾ ಇದಾರೆ. ಆಮೇಲೆ ಎಲೆ ಅಡಿಕೆ ಉಗಿದ್ರು."

"ಉಗಿದ್ರು ಅಂತ ಮರ್ಯಾದೆ ಕೊಡ್ತೀಯಲ್ಲೋ."

"ಮತ್ತೆ? ನಾಳೆ ಬಾಯಿ ಬಂದ್ರೆ ಬಯ್ಯಲ್ವಾ?"

ಅವತ್ತಿಂದ ಬೀದಿಯ ಗಂಡಸರು ಆ ಮನೆಗೆ ಬರುವಾಗ ಹೊಸ್ತಿಲಲ್ಲೇ, ಹಿರಿಯರ ಮುಂದೆ ಮಾಡುವಂತೆ, ಮೇಲುಬಟ್ಟೆ ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು. ಮಾರಪ್ಪನ್ ಹತ್ತಿರ ನೂಲು ಇಸ್ಕೊಂಡು ಕೊಡದೆ ಇದ್ದ ಒಬ್ಬ ಬೀದಿಯ ಆ ಬದಿಯಿಂದಲೇ ಓಡಾಡಿದ. ಬಾವಿಕಟ್ಟೆಯಲ್ಲಿ ಹೆಂಗಸರು ಇದನ್ನು ಕೇಳಿ ಸೊಂಟ ಹಿಡಿದುಕೊಂಡು ನಕ್ಕರು. ಆ ನಗು ಗಂಡಸರವರೆಗೆ ಮುಟ್ಟಲಿಲ್ಲ.

ಅಷ್ಟರಲ್ಲಿ ಸರ್ಕಾರ ಬಂತು. ಸರ್ಕಾರ ಅಂದರೆ ಸಿಡುಬು ಬರದಂತೆ ಕೂಸುಗಳ ತೋಳಿಗೆ ದೇವಿ ಹಾಕುವ ಇನ್‌ಸ್ಪೆಕ್ಟರ್ ಜಯರಾಮನ್, ಸೈಕಲ್ಲಿನ ಮೇಲೆ. ತಾಲೂಕಿನ ಅರ್ಧ ಮಕ್ಕಳ ತೋಳು ಆತನಿಗೆ ಪರಿಚಯ. ಮುಖ ಪರಿಚಯವಿಲ್ಲ, ಆತ ನೋಡುವ ಹೊತ್ತಿಗೆ ಅವು ಮುಖವೆಲ್ಲ ಬಾಯಿಯಾಗಿರುತ್ತಿದ್ದವು. ಆತ ಚಾಪೆಯ ಪಕ್ಕ ಮಂಡಿಯೂರಿ ಸೂಜಿ ತೆಗೆದ. ಕೂಸು ಅಳಲಿಲ್ಲ. ಕಣ್ಣು ಮಿಟುಕಿಸದೆ ಆತನ ಮುಖವನ್ನೇ ನೋಡಿತು. ಮಿಟುಕಿಸದೆ ನೋಡುವುದು ಆ ವಯಸ್ಸಿನ ಕೂಸಿಗೆ ಸಹಜವಾದ ಕೆಲಸ, ಆದರೆ ನೋಡಿಸಿಕೊಳ್ಳುವವನಿಗೆ ಸಹಜ ಅನ್ನಿಸುವುದಿಲ್ಲ. ಆಮೇಲೆ ಕೂಸು ಕೈ ಚಾಚಿ ಆತನ ಬೆರಳು ಹಿಡಿಯಿತು. ಆತ ಎಳೆದ. ಬಿಡಲಿಲ್ಲ.

"ರಂಗಣ್ಣನ ಅಪ್ಪ ಕೂಡ ಹೀಗೇ ನಿಮ್ಮ ಕೈ ಹಿಡ್ಕೊಂಡಿದ್ರಲ್ಲ ಸಾರ್, ಆ ಸಲ ಸೂಜಿ ಬೇಡ ಅಂತ" ಎಂದು ಬಾಗಿಲಿಂದ ಪಳನಿಸಾಮಿ ಜ್ಞಾಪಿಸಿದ.

ಜಯರಾಮನಿಗೆ ಜ್ಞಾಪಕ ಬಂತು. ಆ ಮುದುಕನ ಹಿಡಿತವೂ ಮಣಿಕಟ್ಟಿಗೆ ಜ್ಞಾಪಕ ಬಂತು. ಬೆರಳು ಬಿಡಿಸಿಕೊಂಡ ಮೇಲೆ ಆತ ತಮಿಳಿನಲ್ಲಿ ಬಹಳ ಗಂಭೀರವಾಗಿ ಹೇಳಿದ್ದೇನೆಂದರೆ, ಸರ್ಕಾರದ ಕಾಯಿದೆ ಎಳೆಗೂಸುಗಳಿಗೆ ಮಾತ್ರ, ದೊಡ್ಡವರ ವಿಷಯಕ್ಕೆ ಮೇಲಿನವರನ್ನು ಕೇಳಬೇಕು. ಸೂಜಿ ಹಾಕದೆಯೇ ಸೈಕಲ್ ಏರುವಾಗ ಆತ ಬಾಗಿಲಿಗೆ ಒಮ್ಮೆ ಕೈ ಮುಗಿದದ್ದನ್ನು ನೋಡಿದವರಿದ್ದಾರೆ.

ಸರ್ಕಾರವೇ ಕೈ ಮುಗಿದ ಮೇಲೆ ಇನ್ನೇನು ಉಳಿಯಿತು. ರಂಗಸಾಮಿ ಸೋತ. ಯಜಮಾನ ವೆಂಕಟಾಚಲಂ ಬಂದು, ಚೌಡೇಶ್ವರಿಯ ಕುಂಕುಮ ಹಚ್ಚಿ, ಕೂಸಿಗೆ ಹೊಸದಾಗಿ ತಾತನ ಹೆಸರಿಟ್ಟರು. ಬೂಟಿನ ಸದ್ದು ದೂರ ಹೋಯಿತು. ಯಜಮಾನರು ಪರೀಕ್ಷೆಗೆಂದು ಕೂಸಿನ ಹಿಂದುಗಡೆ ನಿಂತು ಮೆಲ್ಲಗೆ, "ಮಾರಪ್ಪಾ" ಎಂದು ಕರೆದರು.

ಕೂಸು ಕತ್ತು ತಿರುಗಿಸಿ ಅವರನ್ನು ನೋಡಿತು. ಅಷ್ಟೇ ಅಲ್ಲ, ಹೊಟ್ಟೆಯ ಆಳದಿಂದ ಗೊಳ್ಳೆಂದು ಸದ್ದು ಮಾಡಿ ನಕ್ಕಿತು. ಅಲ್ಲಿಯವರೆಗೆ ಅದು ಸದ್ದು ಮಾಡಿ ನಕ್ಕಿರಲಿಲ್ಲ. ಬೆಕ್ಕನ್ನು ಕರೆದಿದ್ದರೂ ಅದು ತಿರುಗುತ್ತಿತ್ತು, ಯಜಮಾನರ ಮೀಸೆ ನೋಡಿ ಯಾರಿಗಾದರೂ ನಗು ಬರುತ್ತಿತ್ತು. ಆದರೆ ಅಲ್ಲಿದ್ದ ಯಾರಿಗೂ ಅದು ಹೊಳೆಯಲಿಲ್ಲ. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

"ಹೆಸರು ಸಿಕ್ಕಿತು ಅಂತ ಸಂತೋಷ ಪಟ್ರು" ಎಂದ ಪಳನಿಸಾಮಿ.

"ಇಲ್ಲ" ಎಂದರು ಯಜಮಾನರು. "ಅವನು ಬದುಕಿದ್ದಾಗ ಸಂತೋಷ ಪಟ್ಟಿದ್ದು ನಾನು ನೋಡಿಲ್ಲ. ಇದು ಬೇರೆ ಏನೋ ಕೇಳ್ತಾ ಇದೆ."

ಏನು ಕೇಳುತ್ತಿದೆ ಎಂಬುದು ಅದಾದ ಕೆಲವು ವಾರಕ್ಕೆ ಗೊತ್ತಾಯಿತು, ಅಥವಾ ಗೊತ್ತಾಯಿತೆಂದು ಎಲ್ಲರೂ ಅಂದುಕೊಂಡರು. ಮಧ್ಯಾಹ್ನ ರಂಗಸಾಮಿ ಕೂಸನ್ನು ಅಂಗಾತ ಮಲಗಿಸಿ ನೀರು ಕುಡಿಯಲು ಅಡಿಗೆಮನೆಗೆ ಹೋದ. ರಾಮಾಯಿ ಬಾವಿಗೆ ಹೋಗಿದ್ದಳು. ಚೊಂಬು ಕೆಳಗಿಟ್ಟು ಬರುವಾಗ ಬಾಗಿಲಲ್ಲೇ ನಿಂತುಬಿಟ್ಟ. ಕೂಸು ಅಂಗಾತ ಇರಲಿಲ್ಲ. ಚಾಪೆಯ ಅಂಚಿನಲ್ಲಿ ಬೋರಲಾಗಿ, ಎರಡು ಕೈ ಊರಿ, ತಲೆ ಎತ್ತಿ, ಮಗ್ಗದ ಗುಂಡಿಯೊಳಗೆ ಇಣುಕಿ ನೋಡುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಗುಂಡಿಯ ಕತ್ತಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಕೂಸು ಆ ಕತ್ತಲಿನ ಜೊತೆ ಊ, ಆಗೂ ಎಂದು ಮಾತಾಡುತ್ತಿತ್ತು. ನಡುನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡು, ಮತ್ತೆ ಮಾತಾಡುತ್ತಿತ್ತು.

ಯಾರು ಇದನ್ನು ಮಗುಚಿ ಹಾಕಿದರು?  ಅವನು ಕೂಸನ್ನು ಎಳೆದುಕೊಂಡು ಬೀದಿಗೆ ಓಡಿದ.

ಅವತ್ತು ಸಂಜೆ ಆ ಮನೆಯ ಹಿತ್ತಲಲ್ಲಿ ಹೆಂಗಸರು ಕೂತು ಕೂಸು ಬೋರಲು ಬಿದ್ದ ಸಂತೋಷಕ್ಕೆ ಬೆಲ್ಲದ ಕಡುಬು ತಿಂದರು. ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಗಂಡಸರು ಅದೇ ಸಂಗತಿಗೆ ಬೂದುಗುಂಬಳ ಒಡೆದರು.

ಅಮಾವಾಸ್ಯೆ ಬಂತು. ಅವತ್ತು ನೇಕಾರರ ಬೀದಿಯಲ್ಲಿ ಮಗ್ಗ ಮುಟ್ಟುವಂತಿಲ್ಲ. ದಿನವೆಲ್ಲ ಲಟಕ್ ಲಟಕ್ ಎನ್ನುವ ಬೀದಿ ಆ ಒಂದು ದಿನ ಬಾಯಿ ಮುಚ್ಚಿದಾಗ ಹುಟ್ಟುವ ಮೌನವಿದೆಯಲ್ಲ, ಅದಕ್ಕೆ ನಾಯಿಗಳೂ ಹೆದರಿ ಮೂಲೆ ಸೇರುತ್ತಿದ್ದವು. ಮಧ್ಯಾಹ್ನ ಯಜಮಾನರು ನಾಲ್ಕು ಹಿರಿಯರನ್ನು ಕರೆದುಕೊಂಡು ರಂಗಸಾಮಿಯ ಮನೆಗೆ ಬಂದು ಮಗ್ಗದ ಕೋಣೆಯಲ್ಲಿ ಸಾಲಾಗಿ ಕೂತರು. ಪಳನಿಸಾಮಿ ಕರೆಯದೆಯೇ ಬಂದ. ಕೂಸು ಚಾಪೆಯ ಮೇಲೆ ತನ್ನ ಕಾಲಬೆರಳು ಹಿಡಿದುಕೊಂಡು ಮಲಗಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಹಿರಿಯರಲ್ಲೊಬ್ಬರು ಆಕಳಿಸಿದರು. ಆಗ ಕೂಸು ಕಾಲು ಬಿಟ್ಟು, ಖಾಲಿ ಮಗ್ಗದ ಕಡೆ ಮುಖ ತಿರುಗಿಸಿತು. ಕಣ್ಣು ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ. ಲಾಳಿ ಗೂಡಿನಲ್ಲಿತ್ತು, ಹಗ್ಗ ಅಲುಗುತ್ತಿರಲಿಲ್ಲ, ಆದರೆ ಕೂಸಿನ ಕಣ್ಣು ನೇಯ್ಗೆಯ ಗತಿಯಲ್ಲಿ ಒಂದೇ ಸಮನೆ ಎಡಕ್ಕೂ ಬಲಕ್ಕೂ ಓಡುತ್ತಿತ್ತು. ಇದ್ದಕ್ಕಿದ್ದಂತೆ ನಡುವೆ ನಿಂತಿತು. ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಓಡಿತು.

"ಎಳೆ ಕಡೀತು" ಎಂದು ಪಳನಿಸಾಮಿ ಪಿಸುಗುಟ್ಟಿದ. "ಗಂಟು ಹಾಕಿ ಮುಂದುವರಿಸಿದ್ರು."

ತಿಂಗಳುಗಟ್ಟಲೆ ಲಾಳಿ ನೋಡಿದ ಕಣ್ಣು ಲಾಳಿ ಇಲ್ಲದ ದಿನವೂ ಅದೇ ದಾರಿ ಹಿಡಿಯಬಹುದು ಎಂದು ಇಲ್ಲಿ ಕೂತು ನಾವು ಹೇಳಬಹುದು. ಆ ಕೋಣೆಯಲ್ಲಿ ಕೂತಿದ್ದರೆ ನಾವೂ ಹೇಳುತ್ತಿರಲಿಲ್ಲ. ಐದು ಜನ ಹಿರಿಯರು ಒಬ್ಬರ ಹಿಂದೆ ಒಬ್ಬರು ಜಗಲಿಗೆ ಬಂದರು. ಯಾರೂ ಮಗ್ಗಕ್ಕೆ ಬೆನ್ನು ಮಾಡಲಿಲ್ಲ.

ಜಗಲಿಯಲ್ಲಿ ತೀರ್ಮಾನವಾಯಿತು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಒಂದು ಮೊರ ತೌಡಿಗೆ ನೆರೆಯವರಿಗೆ ಮಾರಿ, ನಿಂತ ಕಾಲಲ್ಲೇ ತೌಡು ಕೊಟ್ಟು ವಾಪಸು ತರುವುದು ಆ ಕಡೆಯ ಪದ್ಧತಿ. ಹೆತ್ತವರ ಕೂಸಲ್ಲ ಅಂತ ಸಾವಿಗೆ ದಾರಿ ತಪ್ಪಿಸುವ ಉಪಾಯ. ಯಜಮಾನರು ಅದಕ್ಕೆ ಒಂದು ತಿದ್ದುಪಡಿ ತಂದರು.

"ಇದಕ್ಕೆ ನಿಂತ ಕಾಲಲ್ಲಿ ಮಾರಿದ್ರೆ ಸಾಲದು. ಮುದುಕ ಅಮಾವಾಸ್ಯೆ ದಿನ ಮಗ್ಗಕ್ಕೆ ಕೂರೋ ಅಷ್ಟು ಬಲವಾಗಿದಾನೆ. ಕೂಸು ಮಾರಿದವರ ಮನೇಲಿ ಇರಬಾರದು. ಎದ್ದು ನಡೆಯೋ ತನಕ ಕೊಂಡವರ ಮನೇಲೇ ಬೆಳೀಲಿ. ತಾಯಿ ಹೋಗಿ ಹಾಲು ಕೊಟ್ಟು ಬರಲಿ. ತಂದೆ ಮುಖ ತೋರಿಸಬಾರದು. ಮುದುಕನಿಗೆ ಹಿಡಿತ ಇರೋದು ಮಗನ ಕಡೆಯಿಂದಲೇ."

"ನಾವು ಕೊಂಡುಕೊಳ್ತೀವಿ" ಎಂದ ಪಳನಿಸಾಮಿ, ಯಜಮಾನರ ಮಾತು ಮುಗಿಯುವ ಮೊದಲೇ.

"ಒಪ್ಪದೆ ಇದ್ರೆ?" ಎಂದ ರಂಗಸಾಮಿ.

"ಬೀದಿಯಲ್ಲಿ ನಿನಗೆ ಬೆಂಕಿ ಇಲ್ಲ, ನೀರಿಲ್ಲ, ನೂಲಿಲ್ಲ" ಎಂದರು ಯಜಮಾನರು.

ಒಳಗಿಂದ ರಾಮಾಯಿ ಬಂದು ಬಾಗಿಲಲ್ಲಿ ನಿಂತಳು. ಹಿರಿಯರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು. "ಮಾರಿ ವಾಪಸು ತರೋದಾದ್ರೆ ಎಷ್ಟು ಸಲ ಬೇಕಾದ್ರೂ ಮಾರಿ, ಮಾವ. ಹುಟ್ಟಿದಾಗ ನನ್ನನ್ನೂ ಮಾರಿದ್ರಂತೆ. ಅಲ್ಲೇ ಬಿಟ್ಟು ಬರೋದಾದ್ರೆ ನಾನು ತೊಂಡಾಮುತ್ತೂರಿಗೆ ಹೋಗ್ತೀನಿ. ಮತ್ತೆ ಈ ಹೊಸ್ತಿಲು ತುಳಿಯಲ್ಲ."

ಹೀಗೆ ಒಂದು ಮೊರ ತೌಡಿನ ಒಂದು ಕಡೆ ಮಗ, ಹೆಂಡತಿ. ಇನ್ನೊಂದು ಕಡೆ ಬೀದಿ, ಮಗ್ಗ, ಸತ್ತ ಅಪ್ಪ. ರಂಗಸಾಮಿ ಯಾವತ್ತೂ ಏನನ್ನೂ ತೀರ್ಮಾನ ಮಾಡಿದವನಲ್ಲ. ಹೆಸರೊಂದನ್ನು ಮಾಡಿದ್ದ, ಅದರ ಗತಿ ನೋಡಿದಿರಿ. ಅವನು ತಲೆ ತಗ್ಗಿಸಿ, "ಆಗಲಿ" ಎಂದ.

ಮರುದಿನ ಬೆಳಿಗ್ಗೆ ಯಾರೂ ಮಗ್ಗಕ್ಕೆ ಇಳಿದಿರಲಿಲ್ಲ. ಬೀದಿಯ ಅಷ್ಟೂ ಗಂಡಸರು ಪಳನಿಸಾಮಿಯ ಮನೆ ಮುಂದೆ ನೆರೆದಿದ್ದರು. ಹೆಂಗಸರು ಹಿಂದೆ ರಾಮಾಯಿಯನ್ನು ಸುತ್ತುವರಿದು ನಿಂತಿದ್ದರು; ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು. ಪಳನಿಸಾಮಿಯ ಹೆಂಡತಿ ಶಿವಗಾಮಿ ತಲೆಗೆ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೊಸ್ತಿಲಲ್ಲಿ ತೌಡಿನ ಮೊರ ಇಟ್ಟುಕೊಂಡು ಕಾದಿದ್ದಳು. ಅವಳ ಮುಖ ನೋಡಲು ರಂಗಸಾಮಿಗೆ ಆಗಲಿಲ್ಲ. ಎಷ್ಟು ವರ್ಷದ ಆಸೆಯೋ, ಸೆರಗನ್ನು ಆಗಲೇ ಕೂಸಿಗೆಂದು ಮಡಚಿ ಹಿಡಿದಿದ್ದಳು.

ಅವನು ಕೂಸನ್ನು ಅವಳ ಕೈಗಿತ್ತ. ಕೂಸು ಅವಳ ಮೂಗುಬೊಟ್ಟು ನೋಡುತ್ತ ಸುಮ್ಮನಿತ್ತು. ಅವನು ಮೊರ ಎತ್ತಿಕೊಂಡು, ಯಜಮಾನರು ಹೇಳಿಕೊಟ್ಟ ಹಾಗೆ ತಿರುಗಿ ನೋಡದೆ ನಡೆದ. ಸ್ವಲ್ಪ ದೂರ ಹೋಗಿರಬೇಕು, ಹಿಂದೆ ಅಳು ಕೇಳಿಸಿತು.

ಹಸಿವಿನ ಅಳು ಅವನಿಗೆ ಗೊತ್ತಿತ್ತು, ನಿದ್ದೆಯ ಅಳು ಗೊತ್ತಿತ್ತು. ಇದು ಎರಡೂ ಅಲ್ಲ. ಇದನ್ನು ಅವನು ಕೇಳಿಯೇ ಇರಲಿಲ್ಲ. ಅವನು ತಿರುಗಿದ.

ಕೂಸು ಶಿವಗಾಮಿಯ ತೋಳಲ್ಲಿ ಬಿಲ್ಲಾಗಿ ಬಾಗಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿತ್ತು. ರಾಮಾಯಿಯ ಕಡೆಗಲ್ಲ, ಅವಳು ಗುಂಪಿನ ಹಿಂದೆ ಮರೆಯಾಗಿದ್ದಳು. ಅವನ ಕಡೆಗೆ. ಬೆರಳು ಬಿಚ್ಚುತ್ತ, ಮುಚ್ಚುತ್ತ, ಅವನ ಮುಖವನ್ನೇ ನೋಡುತ್ತ, ಬಾ ಎನ್ನುವಂತೆ.

ಗುಂಪು ಹಿಂದೆ ಸರಿಯಿತು. ಯಜಮಾನರು ಕೈ ಅಡ್ಡ ಹಿಡಿದರು. "ಮುಟ್ಟಬೇಡ ರಂಗಸಾಮಿ. ನಿಮ್ಮಪ್ಪ ಕರೀತಾ ಇದಾನೆ, ಜೊತೆಗೆ ಕರ್ಕೊಂಡು ಹೋಗೋದಕ್ಕೆ. ಮುಟ್ಟಿದ್ರೆ ನೀನು ಉಳಿಯಲ್ಲ."

ರಂಗಸಾಮಿ ಆ ಕೈಗಳನ್ನು ನೋಡಿದ. ಮೊರ ಅವನ ಕೈಯಿಂದ ಜಾರಿ ತೌಡು ಬೀದಿಗೆಲ್ಲ ಚೆಲ್ಲಿತು.

"ನಾನು ಚಿಕ್ಕವನಿದ್ದಾಗ ಬಾವಿಗೆ ಬಿದ್ದಿದ್ದೆ ಯಜಮಾನ್ರೇ" ಎಂದ. "ನೀವೂ ಇದ್ರಿ. ಅಪ್ಪ ಮೆಟ್ಟಿಲ ಮೇಲೆ ನಿಂತು, ನೀನೇ ಹತ್ತಿ ಬಾ ಅಂದ. ನಾನು ಕೈ ಮೇಲೆತ್ತಿದ್ದೆ. ಅವನು ಕೈ ಕೊಡಲಿಲ್ಲ. ಜ್ವರ ಬಂದು ಸಾಯೋವಾಗಲೂ ಹಣೆ ಮುಟ್ಟೋಕೆ ಹೋದ್ರೆ ಕೈ ತಳ್ಳಿದ. ನನ್ನ ಕಡೆ ಕೈ ಚಾಚೋ ಮನುಷ್ಯ ಅಲ್ಲ ನಮ್ಮಪ್ಪ. ಇದು ನಮ್ಮಪ್ಪ ಅಲ್ಲ. ಇದು ನನ್ನ ಮಗ."

ಅಷ್ಟು ಉದ್ದದ ಮಾತನ್ನು ಅವನು ಹುಟ್ಟಿದ ಮೇಲೆ ಆಡಿರಲಿಲ್ಲ. ಹೋಗಿ ಕೂಸನ್ನು ಎತ್ತಿಕೊಂಡ. ಶಿವಗಾಮಿ ಬಿಟ್ಟುಕೊಟ್ಟಳು, ಬಿಡುವಾಗ ಕೂಸಿನ ತಲೆ ಒಮ್ಮೆ ಸವರಿ, "ಆಗಾಗ ಕಳಿಸಿಕೊಡಣ್ಣಾ" ಎಂದಳು. ಕೂಸು ಅವನ ಕೊರಳಿಗೆ ಮುಖ ಒತ್ತಿ, ಬಿಕ್ಕಿ, ಅಂಗಿಯೆಲ್ಲ ಒದ್ದೆ ಮಾಡಿ, ಸುಮ್ಮನಾಯಿತು. ರಂಗಸಾಮಿ ಉಳಿದಿದ್ದ. ಸಾಯುವ ಲಕ್ಷಣವೇನೂ ಕಾಣಲಿಲ್ಲ. ಗುಂಪು ಸೀಳಿಕೊಂಡು ರಾಮಾಯಿ ಬಂದು, ಗಂಟನ್ನು ಅವನ ಇನ್ನೊಂದು ಕೈಗೆ ಕೊಟ್ಟಳು.

 ಆಗ ಎಲ್ಲರಿಗೂ ಕೇಳಿಸಿತು. ಲಟಕ್. ಲಟಕ್. ಮಗ್ಗದ ಸದ್ದು, ರಂಗಸಾಮಿಯ ಮನೆಯ ಕಡೆಯಿಂದ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀದಿಯಲ್ಲಿ ನೇಯಬಲ್ಲವರೆಲ್ಲ ಅಲ್ಲೇ ನಿಂತಿದ್ದರು. ಪಳನಿಸಾಮಿ ಹೆಂಡತಿಯ ಸೆರಗು ಹಿಡಿದುಕೊಂಡ. ಯಜಮಾನರ ಮೀಸೆ ಇಳಿದುಹೋಯಿತು.

"ಕೇಳಿಸ್ತಾ?" ಎಂದರು ಯಜಮಾನರು, ಬಹಳ ಮೆಲ್ಲಗೆ.

"ಕೇಳಿಸ್ತು" ಎಂದ ರಂಗಸಾಮಿ. ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. "ನೇಯಲಿ ಬಿಡಿ ಯಜಮಾನ್ರೇ. ಇವನನ್ನ ಎತ್ಕೊಳ್ಳೋಕೆ ನಂಗೆ ಕೈ ಬಿಡುವಾಗುತ್ತೆ."

ಹಾಗೆಂದು ಹೆಂಡತಿಯ ಜೊತೆ ಮನೆಯ ಕಡೆ ನಡೆದ.